ಹದಿನೇಳನೇ ಸಾಲಿನ ಮಡಕಿ

ಮುಂಬೈ ಬಸ್ಸಿನ ಕ್ಲೀನರ್ ಕೈಯಿಂದ ಪೊಟ್ಟಣ ಇಸಕೊಂಡಾಗ
ವಿಜಯಪುರದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ.
ಬಿಚ್ಚಿ ನೋಡಿದೆ: ಹೋದ ಹಾಗೆಯೇ ಬಂದಿತ್ತು ಮಡಕಿ ಕಾಳು,
ಅದೇ ಕಂದು, ಮಗ್ಗುಲಲ್ಲಿ ಅದೇ ಬಿಳಿ ಗೀರು.
ಬಿಸಿಯಿಲ್ಲ, ಹೊಳಪಿಲ್ಲ.
ರಾಜಮಾ ನದಾಫ ಮೂಗಿಗೆ ಹಿಡಿದು ಹೇಳಿದಳು,
"ಕಿರಣ ಹೊಡದಾವಂತೀರಿ, ವಾಸನಿನೂ ಬರವಲ್ದಲ್ರೀ ಬಾಯಾರ."

ಚೀಟಿಯ ಮೇಲೆ ಬರೆದೆ: ನಾನೂರು ಗ್ರೇ.
ಅದರ ಲೆಕ್ಕ ನನಗೆ ಬಾಯಿಪಾಠ.
ಆದರೂ ಸೀಸದ ಗೋಡೆಯ ಹಿಂದೆ
ಕೋಬಾಲ್ಟಿನ ಆ ಕಡ್ಡಿ
ಕಾಳಿನೊಳಗಿನ ಯಾವ ಅಕ್ಷರ ಅಳಿಸಿತು,
ಯಾವುದರ ಕೊಂಬು ಮುರಿಯಿತು,
ಯಾವುದರ ಕಾಲಡಿ ಒತ್ತು ಇಟ್ಟಿತು,
ಮೊಳೆಯುವ ತನಕ ಓದಲಾಗದು.

ಮೊದಲ ಮುಂಗಾರು ಅರ್ಧಕ್ಕರ್ಧ ಏಳಲೇ ಇಲ್ಲ.
ಎದ್ದವುಗಳ ಎಲೆ ಸುಟ್ಟ ಹಪ್ಪಳದಂತೆ ಸುರುಟಿ.
ಎರಡನೆಯ ವರ್ಷ, ಮಸಾರಿ ತಾಕಿನಲ್ಲಿ,
ಹಾಲಿನಷ್ಟು ಬೆಳ್ಳಗೆ ಹುಟ್ಟಿದವು ಕೆಲವು ಸಸಿ,
ಹಸಿರು ಕಲಿಯದೆ ಎಂಟನೇ ದಿನ ಮಲಗಿದವು.
ನಾನು ಎಣಿಸಿ ಪುಸ್ತಕದಲ್ಲಿ ಗೀಟು ಹಾಕಿದೆ.
ರಾಜಮಾ ಒಂದನ್ನೂ ಕೀಳದೆ ದಾಟಿ ಹೋದಳು.

ಮಡಕಿಯ ಗುಣ ನೆಲ ಹಿಡಿದು ಹಬ್ಬುವುದು.
ಕಾಯಿ ಎಲೆಯಡಿ, ಎಲೆ ಪಾದದ ಮಟ್ಟ,
ತಡಕಾಡುವ ಕೈಗೆ ಒಮ್ಮೊಮ್ಮೆ ಚೇಳು.
ಸಂಜೆ ಐದಕ್ಕೆ ಹೆಂಗಸರು ನೆಟ್ಟಗಾಗುವುದು
ಒಂದೇ ಸಲಕ್ಕಲ್ಲ: ಮೊದಲು ಕೈ ಸೊಂಟಕ್ಕೆ,
ಆಮೇಲೆ ಒಂದು "ಯವ್ವಾ",
ಆಮೇಲೆ ಕುತ್ತಿಗೆ.

ಸೆಪ್ಟೆಂಬರಿನ ಆ ದಿನ
ಹದಿನೇಳನೇ ಸಾಲಿನಲ್ಲಿ ಅವಳು ನಿಂತುಬಿಟ್ಟಳು.
"ಬಾಯಾರ, ಇದನ್ನ ಹರಿಯಾಕ ನಾ ಅರ್ಧಾನೂ ಬಗ್ಗಲಿಲ್ಲ."

ಸ್ಕೇಲು ಹಿಡಿದು ಆ ಸಾಲನ್ನು ನಾನು ಮೂರು ಸಲ ದಾಟಿದ್ದೆ.
ಮೊಣಕಾಲೆತ್ತರ, ಕೊಡೆಯ ಕಡ್ಡಿಯಂತೆ ಸೆಟೆದ ದಂಟು,
ತುದಿಯಲ್ಲೇ ಕಾಯಿಗೊಂಚಲು, ಬಿಸಿಲಿಗೆ ಮುಖ ಕೊಟ್ಟು.
ಗುರುತಿಗೆ ದಾರ ತಂದಿರಲಿಲ್ಲ.
ಸೆರಗಿನ ಹಸಿರು ಎಳೆಯೊಂದನ್ನು
ಹಲ್ಲಲ್ಲಿ ಕಡಿದು ಕಟ್ಟಿದಳು.

ಆ ಒಂದು ಗಿಡದ ಕಾಳು ನೂರಾ ಹನ್ನೊಂದು.
ಪಕ್ಕದ್ದು ಅರವತ್ತು ದಾಟಲಿಲ್ಲ.
ಸಾಹೇಬರು ಹಿಗ್ಗಿದರು,
"ಇನ್ನು ಮಷೀನ್ ಬಿಟ್ಟು ಕೊಯ್ಯಬಹುದು."
ನಲ್ಲಿಯಡಿ ಕೈ ತೊಳೆಯುತ್ತಿದ್ದ ರಾಜಮಾ
ನೀರು ನಿಲ್ಲಿಸಿದಳು,
ಮತ್ತೆ ಬಿಟ್ಟಳು.

ಕಪಾಟಿಗೆ ಇಡುವಾಗ ಇನ್ನೊಮ್ಮೆ ಎಣಿಸಿದೆ: ನೂರಾ ಎಂಟು.
ಪುಸ್ತಕದಲ್ಲಿ ನೂರಾ ಎಂಟೇ ಬರೆದೆ.

ಈ ಆಗಸ್ಟಿನಲ್ಲಿ, ಅವಳ ಹಿತ್ತಲಲ್ಲಿ,
ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಿಗೆ ಎರಡು ಗಿಡ,
ನೆಟ್ಟಗೆ. ಮೂರನೆಯದನ್ನು ಕೋಳಿ ಕೆದರಿತ್ತು.
ಚಹಾ ಕೊಟ್ಟಳು. ಸಕ್ಕರಿ ಕಡಿಮಿ ಆತೇನೋ, ಅಂದಳು.
ಗಿಡದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಹೊರಡುವಾಗ ಕೇಳಿದೆ, ಬೆನ್ನು ಹೇಗಿದೆ ಅಂತ.

"ಹಂಗ ಐತ್ರೀ," ಅಂದಳು, ಬಾಗಿಲ ಚೌಕಟ್ಟು ಹಿಡಿದು ಏಳುತ್ತ,
"ಇದಕ್ಕೂ ಹೊಡಸ್ತೀರೇನ್ರೀ ಒಂದ್ ನಾನೂರು?"