ಗೀರು

ಮನಾಮದಲ್ಲಿ ಚಿನ್ನದ ಗಲ್ಲಿ ದಾಟಿದರೆ ಇಸ್ತ್ರಿ ಅಂಗಡಿಯ ಹಬೆ,
ಅದರ ಪಕ್ಕ ನಾಲ್ಕು ಮೆಟ್ಟಿಲು ಕೆಳಗೆ ಅಬ್ದುನ್ನಬಿ.
ಅಂಗಡಿಗೆ ಹೆಸರಿರಲಿಲ್ಲ. ರಟ್ಟಿನ ವಾಸನೆ,
ಏಲಕ್ಕಿ ಚಹಾದ ವಾಸನೆ, ತೊಟ್ಟಿಕ್ಕುವ ಏಸಿ.
ನಾನು ಹೋದದ್ದೇ ಆ ಏಸಿ ರಿಪೇರಿಗೆ.
ಕೂಲಿಯ ಬದಲು ಒಂದು ರೆಕಾರ್ಡು ಕೇಳಿದೆ.
"ಅದು ನಿನಗಲ್ಲ" ಅಂದ.
"ನಿನ್ನ ಜನ ಹೇಗೆ ಕುಣಿಯುತ್ತಾರೆ, ತೋರಿಸು."

ಹಗಲಿಡೀ ಡಕ್ಟಿನೊಳಗೆ ತೆವಳಿ ಮರಳು ಬಾಚುವವ,
ಗುರುವಾರ ರಾತ್ರಿ ಮಾತ್ರ ಡಿಜೆ.
ಏನು ತೋರಿಸಲಿ?
ಪೆಟ್ಟಿಗೆಗಳ ನಡುವಿನ ಗೇಣು ಜಾಗದಲ್ಲಿ
ಗ್ರೀಸು ಮೆತ್ತಿದ ಕೈಯೆತ್ತಿ ಎರಡು ಹೆಜ್ಜೆ ಹಾಕಿದೆ.
ಅವನು ನಗಲಿಲ್ಲ. ಕನ್ನಡಕ ಹಣೆಗೇರಿಸಿ
ಹಿಂದಿನ ಕೋಣೆಗೆ ಹೋದವ ಬಹಳ ಹೊತ್ತು ಬಿಟ್ಟು ಬಂದ.
ಹೊದಿಕೆಯ ಮೇಲೆ ನೀಲಿ ಕಾರು,
ಇಲಿ ಕಡಿದ ಅರ್ಧ ಖರ್ಜೂರದ ಮರ.
"ಎರಡನೆಯ ಹಾಡಿನಲ್ಲಿ ಗೀರಿದೆ. ಅರ್ಧ ದಿನಾರು ಕೊಡು, ಸಾಕು."

ಆ ಗೀರಿಗೆ ಬಂದಾಗ ಸೂಜಿ ಎಡವುತ್ತಿತ್ತು,
ಮೂರನೆಯ ಪೆಟ್ಟು ನುಂಗಿ ನಾಲ್ಕಕ್ಕೆ ಹಾರುತ್ತಿತ್ತು.
ಮೊದಲ ಮದುವೆಯಲ್ಲಿ ಎಲ್ಲರೂ ನನ್ನನ್ನೇ ದುರುಗುಟ್ಟಿದರು.
ಎರಡನೆಯದರಲ್ಲಿ ಉಚ್ಚಿಲದ ಭುಜಂಗ ಸಾಲ್ಯಾನ್,
ಬಂದರಿನಲ್ಲಿ ಕ್ರೇನು ನಡೆಸುವ ದಢೂತಿ,
ಸರಿಯಾಗಿ ಅಲ್ಲಿಗೇ ಒಂದು ಕಾಲೆತ್ತಿ ಕುಪ್ಪಳಿಸಿದ.
ಮೂರನೆಯದರಲ್ಲಿ ಹಿಲ್ಡಾ ಬಾಯಿ ಕೂಡ,
ಆಸ್ಪತ್ರೆಯ ಡ್ಯೂಟಿಯಿಂದ ನೇರ ಬಂದವರು, ಬಿಳಿ ಬೂಟಿನಲ್ಲೇ.
ಆಮೇಲೆ ಗೀರು ನನ್ನದಲ್ಲ, ಅವರದು.
ಮಕ್ಕಳಿಗೆ ಹೇಳಿಕೊಡುತ್ತಿದ್ದರು: ಈಗ, ಈಗ, ಹಾಂ, ಹಾರು!

ಬೆನ್ನು ಕೈಕೊಟ್ಟಿತು.
ಐವತ್ತು ರೆಕಾರ್ಡಿನ ಪೆಟ್ಟಿಗೆ ಹದಿನೈದು ಕೆಜಿ,
ಡಿಕ್ಕಿ ತೆರೆಯಲಿಕ್ಕೇ ಟ್ಯಾಕ್ಸಿಯವನ ಗೊಣಗಾಟ.
ಒಂದು ಆಗಸ್ಟಿನಲ್ಲಿ ನೀಲಿ ಕಾರನ್ನು ವ್ಯಾನಿನ ಹಿಂಬದಿ ಮರೆತೆ;
ಸಂಜೆಗೆ ಅದು ಹಪ್ಪಳದಂತೆ ಸುರುಟಿತ್ತು.
ಫೋನು ಕೊಂಡೆ, ಲ್ಯಾಪ್‌ಟಾಪು ಕೊಂಡೆ.
ಸುಳ್ಳು ಯಾಕೆ ಹೇಳಲಿ, ಸುಖವಾಯಿತು.
ಕ್ಯಾಂಪಿನ ಮೇಲ್ಮಂಚದಲ್ಲಿ ಮಲಗಿಕೊಂಡೇ
ರಾತ್ರಿ ಎರಡಕ್ಕೆ, ಕೆಳಗಿನವನ ಗೊರಕೆಯ ನಡುವೆ,
ಮುನ್ನೂರು ಫಿಲ್ಸಿಗೊಂದು ಹಾಡು. ಯಾರೂ
"ನಿನಗಲ್ಲ" ಅನ್ನುವುದಿಲ್ಲ. ಎಲ್ಲವೂ ನನಗೇ.
"ಇದನ್ನು ಕೊಂಡವರು ಅದನ್ನೂ ಕೊಂಡರು" ಅನ್ನುತ್ತದೆ ಪರದೆ.
ಯಾರಪ್ಪ ಅವರು? ಮೊಣಕಾಲು ಗಟ್ಟಿಯಿದೆಯೇ?
ಕುಣಿದ ಮೇಲೆ ಬಸ್ಸು ಸಿಗುತ್ತದೆಯೇ ಅವರಿಗೆ?

ಆ ಹಾಡೂ ಸಿಕ್ಕಿತು. ತೊಳೆದ ಗಾಜಿನಂಥ ಹಾಡು.
ಭುಜಂಗನ ಮಗಳ ಮೆಹಂದಿಯ ರಾತ್ರಿ ಹಾಕಿದೆ.
ಮೂರನೆಯ ಪೆಟ್ಟು ಬಂತು.
ಎಷ್ಟೋ ವರ್ಷ ಬಾರದೇ ಇದ್ದದ್ದು ಸುಮ್ಮನೆ ಬಂತು,
ಕರೆಯದ ನೆಂಟನ ಹಾಗೆ.
ಎತ್ತಿದ ಕಾಲುಗಳು ಗಾಳಿಯಲ್ಲೇ ತಡವರಿಸಿದವು,
ಭುಜಂಗ ಒಬ್ಬನೇ ನೆಲಕ್ಕಿಳಿದ, ಧಡಕ್ಕನೆ,
ನನ್ನತ್ತ ನೋಡಿದ. ಬೈಯಲಿಲ್ಲ.

ಮರುದಿನ ಕುಳಿತು ಫೈಲನ್ನು ಕತ್ತರಿಸಿದೆ.
ಮೂರನೆಯ ಪೆಟ್ಟು ಅಳಿಸಿ, ಅಂಚಿಗೆ ಅಂಚು ಹೊಲಿದೆ.
ಈಗ ಮತ್ತೆ ಎಲ್ಲರೂ ಹಾರುತ್ತಾರೆ. ಯಾರಿಗೂ ಗೊತ್ತಾಗಿಲ್ಲ.

ಅಬ್ದುನ್ನಬಿಗೆ ಕೇಳಿಸಲು ಹೋದೆ, ಇಯರ್‌ಫೋನು ಒಯ್ದು.
ಅರ್ಧ ಅಂಗಡಿಯಲ್ಲಿ ಈಗ ಅಳಿಯನ ಮೊಬೈಲು ಕವರುಗಳು,
ಗೋಡೆಗೊತ್ತಿ ನಾಲ್ಕು ಪೆಟ್ಟಿಗೆ, ಒಂದು ಕುರ್ಚಿ.
ಕಣ್ಣು ಮುಚ್ಚಿ ಕೇಳಿದ. ಪುನಃ ಹಾಕು ಅಂದ. ಪುನಃ.
"ಪ್ರತಿ ಸಲವೂ ಹಾರುತ್ತದೆಯೋ?"
ಪ್ರತಿ ಸಲವೂ, ಅಂದೆ, ಸ್ವಲ್ಪ ಜಂಬದಿಂದಲೇ.
"ನನ್ನದು ಹಾಗಿರಲಿಲ್ಲ. ಚಳಿಗಾಲದಲ್ಲಿ ಒಮ್ಮೊಮ್ಮೆ
ಎಡವದೆ ದಾಟುತ್ತಿತ್ತು. ನೆನಪಿಲ್ಲವೋ?"

ನೆನಪಿತ್ತು. ಆಗ ಎಲ್ಲರೂ ತಪ್ಪಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು
ಹೊಟ್ಟೆ ಹಿಡಿದು ನಗುತ್ತಿದ್ದರು.

ಅವನು ಚಹಾ ಬಗ್ಗಿಸಿದ. ಏಸಿ ಮತ್ತೆ ಸೋರುತ್ತಿದೆ ಅಂದ.
ಏಣಿ ಹತ್ತಿ ಮುಚ್ಚಳ ಬಿಚ್ಚಿದೆ;
ಫಿಲ್ಟರಿನ ತುಂಬ ಶಮಾಲ್ ಗಾಳಿ ತಂದ ಮರಳು.
ಕೆಳಗೆ ಕುರ್ಚಿ ಸರಿದ ಸದ್ದು,
ಹಿಂದಿನ ಕೋಣೆಯ ಕತ್ತಲಲ್ಲಿ ರಟ್ಟಿಗೆ ರಟ್ಟು ಉಜ್ಜುವ ಸದ್ದು,
ಬಹಳ ಹೊತ್ತು.