ನಲವತ್ತೊಂದನೆಯ ದಿನ

ಬೆಳಗಿನ ಐದೂಮುಕ್ಕಾಲಿಗೆ ಫೋನು. ಮಾರ್ಲಿಸ್.
"ಕೇಳಿಸ್ತಿದೆಯಾ?" ಅನ್ನುತ್ತಾಳೆ. ಶುಭೋದಯವಿಲ್ಲ, ಏನಿಲ್ಲ.
ಪಿಯರ್ ಪಟ್ಟಣದ ಶಾಸನಸಭೆಯ ಮೆಟ್ಟಿಲ ಮೇಲೆ
ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಕೆಳಗೆ ನಿಂತು
ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸಿದ್ದಾಳೆ.
ತನ್ನ ಕಿವಿಗೆ ಏನೂ ಇಲ್ಲ.

ನಾನು ಇನ್ನೂರು ಮೈಲಿ ಆಚೆ, ಕಿಟಕಿಯಿಲ್ಲದ ಕೋಣೆಯಲ್ಲಿ
ಅವಳ ದನಿಯ ಗೀಟುಗಳನ್ನು ಪರದೆಯ ಮೇಲೆ ನೋಡುತ್ತ
ಕೆಮ್ಮು ಕತ್ತರಿಸುವವನು.
ಹದಿನಾಲ್ಕು ಚಳಿಗಾಲ ಹೀಗೇ ಕಳೆದಿವೆ.
ಮದುವೆಮನೆಯ ಸುದ್ದಿ ತಂದವರ ಹುಮ್ಮಸ್ಸಿನಲ್ಲಿ
ಅವಳು ತರುವುದು:
"ಇವತ್ತು ಉಪಸಮಿತಿ ಕಣೋ! ಚರಂಡಿ ಕೊಳವೆಯ ವ್ಯಾಸ!"

ನಗಬೇಡಿ. ನಾನೂ ಮೊದಲು ನಗುತ್ತಿದ್ದೆ.

ಅವಳಿಗೆ ಗೊತ್ತು,
ಯಾವ ಸದಸ್ಯ ಸುಳ್ಳು ಹೇಳುವ ಮುಂಚೆ
ಪೆನ್ನಿನ ಮುಚ್ಚಳ ತೆಗೆದು ತೆಗೆದು ಹಾಕುತ್ತಾನೆಂದು.
ಆ ಟಿಕ್ಕು ಟಿಕ್ಕನ್ನು ಕತ್ತರಿಸಬೇಡ, ಇರಲಿ, ಅನ್ನುತ್ತಾಳೆ.
ಯಾವ ಲಾಬಿಗಾರ ಯಾರ ಮೊಮ್ಮಗಳ ಹುಟ್ಟುಹಬ್ಬ
ನೆನಪಿಟ್ಟುಕೊಂಡಿದ್ದಾನೆ, ಮತ್ತು ಯಾಕೆ.
ತಿದ್ದುಪಡಿಗೇ ತಿದ್ದುಪಡಿ ಬಂದ ದಿನ ಅವಳಿಗೆ ಊಟ ಬೇಡ.
ಒಮ್ಮೆ, ಹದಿನೇಳನೆಯ ಪುಟದಲ್ಲಿ
"ಮಾಡತಕ್ಕದ್ದು" ಸದ್ದಿಲ್ಲದೆ "ಮಾಡಬಹುದು" ಆಗಿದ್ದನ್ನು ಕಂಡು
ಹಿತ್ತಲಲ್ಲಿ ಕೊಪ್ಪರಿಗೆ ಸಿಕ್ಕವಳ ಹಾಗೆ ಕೂಗಿದಳು.
ನನ್ನ ಎಡಗಿವಿ ಮೂರು ದಿನ ಗುಂಯ್ಗುಟ್ಟಿತು.

ಇಲ್ಲಿ ಅಧಿವೇಶನ ನಲವತ್ತೇ ದಿನ.
ಮಸೂದೆಯೊಂದನ್ನು ಕೊಲ್ಲಬೇಕಾದರೆ
ಕೊಂದೆವು ಅನ್ನುವುದಿಲ್ಲ, ಮರ್ಯಾದಸ್ಥರು.
"ನಲವತ್ತೊಂದನೆಯ ದಿನಕ್ಕೆ ಮುಂದೂಡಲಾಗಿದೆ" ಅನ್ನುತ್ತಾರೆ.
ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು
ದೆವ್ವವನ್ನು ಸಾಗಹಾಕಿದ ಹಾಗೆ.
ಇದನ್ನು ಕೇಳುಗರಿಗೆ ಬಿಡಿಸಿ ಹೇಳುವುದೆಂದರೆ
ಮಾರ್ಲಿಸಳಿಗೆ ಪ್ರಾಣ. ಪ್ರತಿ ವರ್ಷ ಹೇಳುತ್ತಾಳೆ,
ಪ್ರತಿ ವರ್ಷ ಕೊನೆಯಲ್ಲಿ ತಾನೇ ನಗುತ್ತಾಳೆ.

ಈ ಫೆಬ್ರವರಿಯ ಒಂದು ಮಂಗಳವಾರ
ಡೆಲ್ಫೀನ್ ಐರನ್ ಕ್ಲೌಡ್ ಬಂದಳು,
ಶಾಲೆಯ ಬಸ್ಸು ಓಡಿಸುವವಳು,
ಹಿಮದಲ್ಲಿ ನಾಲ್ಕು ಗಂಟೆಯ ದಾರಿ ಸವೆಸಿ.
"ಹಳ್ಳದ ಮೇಲೆ ಒಂದು ಸೇತುವೆ ಇದೆ" ಅಂದಳು.
"ಅಲ್ಲಿ ಮಕ್ಕಳನ್ನು ಇಳಿಸಿ ಮೊದಲು ನಡೆಸುತ್ತೇನೆ.
ಎಲ್ಲರೂ ಆ ಕಡೆ ಮುಟ್ಟಿದ ಮೇಲೆ
ಖಾಲಿ ಬಸ್ಸು ದಾಟಿಸುತ್ತೇನೆ."
ಎರಡು ನಿಮಿಷ ಮುಗಿಯಿತು. ಗಂಟೆ.
ಹನ್ನೊಂದಕ್ಕೆ ಎರಡು ಮತ. ನಲವತ್ತೊಂದನೆಯ ದಿನ.

ಡೆಲ್ಫೀನ್ ಚೀಲದಿಂದ ಪುಟ್ಟ ಕ್ಯಾಲೆಂಡರ್ ತೆಗೆದಳು.
ಪಕ್ಕದಲ್ಲಿದ್ದ ಮಾರ್ಲಿಸಳನ್ನೇ ಕೇಳಿದಳು:
"ಅದು ಯಾವ ವಾರ ಬೀಳುತ್ತೆ?
ಬಸ್ಸಿಗೆ ಬದಲಿ ಜನ ಹುಡುಕಬೇಕು."

ಟೇಪಿನಲ್ಲಿ ಅಲ್ಲಿಂದ ಏಳು ಸೆಕೆಂಡು ಏನೂ ಇಲ್ಲ.
ರೇಡಿಯೋದಲ್ಲಿ ಏಳು ಸೆಕೆಂಡೆಂದರೆ
ಜನ ಎದ್ದು ಬಂದು ಪೆಟ್ಟಿಗೆ ತಟ್ಟುತ್ತಾರೆ.
ಕತ್ತರಿಸಲೇ ಎಂದೆ. ಅವಳು ಮಾತಾಡಲಿಲ್ಲ.
ಹಾಗೇ ಬಿಟ್ಟೆ.
ಆ ವರ್ಷದ ವಿವರಣೆಯಲ್ಲಿ ನಗು ಬರಲಿಲ್ಲ.

ಮಾರ್ಚಿನಲ್ಲಿ ಅಧಿವೇಶನ ಮುಗಿಯಿತು.
ಅಂಗಳದ ಕೆರೆಯ ಬಾತುಗಳು ಕೂಡ ಉತ್ತರಕ್ಕೆ ಹೊರಟವು.
ಮರುದಿನ ಅವಳಿಗೆ ರಜೆ, ನನಗೆ ನಿದ್ದೆ,
ಅಂದುಕೊಂಡಿದ್ದೆ.
ಐದೂಮುಕ್ಕಾಲಿಗೆ ಫೋನು.
"ಕೇಳಿಸ್ತಿದೆಯಾ? ಇವತ್ತು ನಲವತ್ತೊಂದನೆಯ ದಿನ.
ಕಲಾಪ ಏಳೂವರೆಗೆ. ಟೇಪು ಹಾಕು."

ಗಾಳಿ. ನೀರು. ಬಸ್ಸಿನ ಬಾಗಿಲು ಉಸ್ಸೆಂದದ್ದು.
ಆಮೇಲೆ ಹಲಗೆಯ ಮೇಲೆ ಬೂಟುಗಳು,
ಪರದೆಯ ಮೇಲೆ ಸಣ್ಣ ಸಣ್ಣ ಗೀಟು,
ಎಣಿಸಿದೆ, ಹತ್ತೊಂಬತ್ತು ಮಕ್ಕಳಿರಬೇಕು,
ಒಬ್ಬ ಕುಂಟುತ್ತಾನೆ, ಇಬ್ಬರು ಓಡುತ್ತಾರೆ,
ಡೆಲ್ಫೀನ್ ಗದರುತ್ತಾಳೆ.
ಮಾರ್ಲಿಸಳ ಪಿಸುಮಾತು, ಅದೇ ಹಳೆಯ ಹುಮ್ಮಸ್ಸು:
"ಜನವರಿಗೆ ಇನ್ನು ಹತ್ತು ತಿಂಗಳು ಇಲ್ಲ ಕಣೋ,
ಸಾರಿಗೆ ಸಮಿತಿಗೆ ಹೊಸ ಅಧ್ಯಕ್ಷ ಬರುತ್ತಾನೆ,
ನಾನು ಲೆಕ್ಕಪತ್ರ ತೆಗೆಸಿದ್ದೇನೆ, ಎಂಬತ್ತು ಪುಟ!"

ನಡುವೆ ಯಾವುದೋ ಮಗು ನಿಂತು ಕೇಳಿತು,
"ಇದಕ್ಕೆ ಯಾಕೆ ಕಾಲುಚೀಲ ಹಾಕಿದೀರಿ?"
ಅವಳು ಏನೋ ಹೇಳಿದಳು.
ಅಷ್ಟರಲ್ಲಿ ಖಾಲಿ ಬಸ್ಸು ಸೇತುವೆ ಹತ್ತಿತು,
ಉತ್ತರ ಆ ಸದ್ದಿನಲ್ಲಿ ಹೋಯಿತು.