ಕಲೆ

ದುರ್ಗಿಗುಡಿಯಲ್ಲಿ, ಕಣ್ಣಾಸ್ಪತ್ರೆಯ ಮಹಡಿ ಮೇಲೆ
ನಮ್ಮ ಗ್ಯಾಲರಿ. ಬೀಗದ ಕೈ ನನ್ನಲ್ಲಿ.
ಒಂದು ಪ್ರದರ್ಶನ ಇಳಿದು ಇನ್ನೊಂದು ಏರುವ ನಡುವೆ
ಎರಡು ದಿನ ಗೋಡೆಯೆಲ್ಲ ಹುಚ್ಚೂರಾಯಪ್ಪನದು.

ಮೊಳೆ ಕಿತ್ತ ತೂತಿಗೆ ಪುಟ್ಟಿ ತುಂಬುತ್ತ
ಹೇಳುತ್ತಾನೆ: ಇದು ಕಬ್ಬಿಣದ ಹಕ್ಕಿಗಳದ್ದು,
ಇದು ತೀರ್ಥಹಳ್ಳಿ ಹುಡುಗಿಯ ಎಕ್ಸ್‌ರೇ ಹಾಳೆಗಳದ್ದು,
ಇದಕ್ಕೆ ಏನೂ ನೇತುಹಾಕಲಿಲ್ಲ,
ಸುಮ್ಮನೆ ಹೊಡೆದರು.

ಭಾನುವಾರದ ಸಂವಾದಕ್ಕೆ
ಶಾಮಿಯಾನದವರಿಂದ ಮೂವತ್ತು ಕುರ್ಚಿ.
ಬಂದವರು ಒಂಬತ್ತು.
ಅದರಲ್ಲಿಬ್ಬರು ಕೆಳಗೆ ಕಣ್ಣಿಗೆ ಹನಿ ಬಿಡಿಸಿಕೊಂಡು
ಪಾಪೆ ಹಿಗ್ಗಲೆಂದು ಕಾಯುತ್ತಿದ್ದವರು;
ಎಲ್ಲ ಚಿತ್ರವೂ ಚೆನ್ನಾಗಿದೆ ಅಂದರು.

ಯಾರೋ ಕೇಳಿದರು, ಏಣಿ ಮಡಚುತ್ತಿದ್ದವನನ್ನು:
ನಿಮಗೆ ಹಿಡಿಸಿದ್ದು ಯಾವುದು?
ಮೈಕು ಮುಟ್ಟಲಿಲ್ಲ ಅವನು.
ಕಿಟಕಿ ಪಕ್ಕದ ಮೂಲೆ ತೋರಿಸಿದ.
‘ಆ ಕಲೆ. ಆರು ವರ್ಷದಿಂದ ಬಳೀತಿದೀನಿ,
ಮೃಗಶಿರೆ ಹುಟ್ಟಿದ್ರೆ ಮತ್ತೆ ಬರುತ್ತೆ.
ಹೋದ್ ವರ್ಷ ಆಮೆ ಇತ್ತು.
ಈ ಸಲ ಕತ್ತು ಚಾಚಿದೆ.’

ನಗು. ಆಮೇಲೆ ಟೀ.
ಕಲಾವಿದೆ ಮಾತ್ರ ಎದ್ದು ಹೋಗಿ
ಅಂಗೈ ಒತ್ತಿ ನೋಡಿದಳು. ಒದ್ದೆ.

ನಾಳೆ ಹೊಸ ಪೆಟ್ಟಿಗೆಗಳು ಬರುತ್ತವೆ.
ಆ ಮೂಲೆಗೆ ಮೊಳೆ ಬೇಡ ಎಂದು
ಪಟ್ಟಿಯ ಕೊನೆಗೆ ಬರೆದಿದ್ದೇನೆ.
ಕಾರಣ ಬರೆದಿಲ್ಲ.